ನಾನು ಶನಿ ಹಿಡಿದದ್ದು

ನನಗೊಂದು ಆಸೆಯಿದೆ, ನಗಬೇಡಿ. ಆಕಾಶದಲ್ಲಿ ಏನಾದರೊಂದನ್ನು ಕಂಡುಹಿಡಿದವನು ಎನ್ನಿಸಿಕೊಳ್ಳಬೇಕು. ಯುರೇನಸ್ ಗ್ರಹವನ್ನು ಕಂಡವನು ಕಸುಬಿನಿಂದ ಸಂಗೀತಗಾರನಂತೆ! ವಾದ್ಯ ನುಡಿಸುವವನಿಗೆ ಇಡೀ ಗ್ರಹ ಸಿಕ್ಕರೆ, ಸೊಲ್ಲಾಪುರದ ಗುಮಾಸ್ತನಿಗೆ ಒಂದು ಉಪಗ್ರಹವಾದರೂ ಸಿಗಬಾರದೇ? ದುರ್ಬೀನು ಕೊಂಡು ತಂದು ಮನೆಯ ತಾರಸಿ ಗಚ್ಚಿಯ ಮೇಲೆ ನಿಲ್ಲಿಸಿಯೇಬಿಟ್ಟೆ.

ಮೊದಮೊದಲು ಸಿಕ್ಕಿದ್ದು ಪಕ್ಕದ ಮನೆಯ ನೀರಿನ ಟಾಕಿ. ಆಮೇಲೊಂದು ಸಂಜೆ, ಅಬ್ಬಬ್ಬಾ, ಬಳೆ ತೊಟ್ಟ ಶನಿ! ವಾಗದರಿ ಊರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ, "ಅಕ್ಕಾ, ಶನಿ ಹಿಡದೆ!" ಎಂದು ಕೂಗಿದೆ. ಅವಳಿಗೆ ಕೇಳಿಸಿದ್ದು "ಶನಿ ಹಿಡದ". ನಮ್ಮ ಮಾತಿನಲ್ಲಿ ಹಿಡಿದವನಿಗೂ ಹಿಡಿಸಿಕೊಂಡವನಿಗೂ ನಡುವೆ ಇರುವುದು ಒಂದೇ ಒಂದು ಎತ್ವ.

ಮರುದಿನ ಅಕ್ಕ ಎಳ್ಳೆಣ್ಣೆಯ ಶೀಸೆ ಹಿಡಿದು ಬಸ್ಸಿನಿಂದ ಇಳಿದಳು. ಎಣ್ಣೆಯನ್ನು ಬಟ್ಟಲಿಗೆ ಸುರಿದು, "ಇದರಾಗ ಮಾರಿ ನೋಡ್ಕೊ ತಮ್ಮಾ, ಪೀಡಾ ಹೋಗ್ತದ," ಅಂದಳು. ನಕ್ಕು ನಕ್ಕು ಸಾಕಾಗಿ, ಕತ್ತಲಾಗುತ್ತಲೇ ಅವಳನ್ನು ಗಚ್ಚಿಗೆ ಕರೆದೊಯ್ದೆ.

ಅಕ್ಕ ಕಣ್ಣಿಟ್ಟಳು. "ಅಯ್ಯ, ಏಟು ಚಂದ ಅದಾನೋ! ಇಂವಗ ಅಂಜಿ ಇಷ್ಟು ವರ್ಷ ಎಣ್ಣಿ ಹಾಕೀನಲ್ಲೋ!" ಆಮೇಲೆ, "ಬಾಜೂಕ ಒಂದು ಸಣ್ಣ ಚುಕ್ಕಿ ಅದ. ಅದ್ಯಾರು?"

ಆ ಚುಕ್ಕಿಯನ್ನು ನಾನು ಗಾಜಿನ ಮೇಲಿನ ಧೂಳೆಂದು ಒರೆಸಿ ಒರೆಸಿ, ಊರಿನ ಗಾಳಿಯನ್ನೇ ಬೈದಿದ್ದೆ. ಪುಸ್ತಕ ತೆರೆದೆ. ಟೈಟಾನ್! ಶನಿಯ ಅತಿ ದೊಡ್ಡ ಚಂದ್ರ! ಹಿಂದೊಬ್ಬ ಮಹಾ ಪಂಡಿತ ನೆಪ್ಚೂನ್ ಗ್ರಹವನ್ನು ಕಂಡೂ ಬರೀ ನಕ್ಷತ್ರವೆಂದು ಬಿಟ್ಟನಂತೆ. ಹೆಸರು ಬಂದದ್ದು ಎಷ್ಟೋ ಕಾಲದ ಮೇಲೆ ಅದನ್ನು ಗುರುತಿಸಿದವರಿಗೆ. ಆ ಪಂಡಿತನ ಪಕ್ಕದಲ್ಲಿ ನಾನೂ ಕೂರಬಹುದು, ಧೂಳು ಝಾಡಿಸುತ್ತ.

ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. "ಅದನ್ನ ಒಬ್ಬಾಂವ ಎಂದೋ ಕಂಡುಹಿಡದಾನ ಅಕ್ಕಾ. ನಿನಗ ಹೆಸರು ಬರೂದಿಲ್ಲ," ಎಂದೆ.

ಅಕ್ಕ ದುರ್ಬೀನು ಬಿಡಲಿಲ್ಲ. "ಬರಲಿಲ್ಲಂದ್ರ ಬಿಡಲಿ. ಅಂವ ನೋಡ್ಯಾನಂತ ನಾ ನೋಡಬಾರದೇನು? ಸರೀ ಅತ್ತಾಗ, ಅಲುಗಾಡಿಸಬ್ಯಾಡ."

ಬಹಳ ಹೊತ್ತು ಕಾಯಿಸಿದ ಮೇಲೆ ನನ್ನ ಪಾಳಿ ಬಂತು. ಬಳೆಯ ಪಕ್ಕದಲ್ಲಿ, ಹೌದು, ಸಾಸಿವೆಯಷ್ಟು ಬೆಳಕು! ಅದನ್ನು ಕಂಡವರಲ್ಲಿ ನಾನು ಎಷ್ಟನೆಯವನೋ, ನಮ್ಮ ಮನೆಯಲ್ಲಂತೂ ಎರಡನೆಯವನು. ಆದರೆ "ಕಂಡೆ ಅಕ್ಕಾ, ಕಂಡೆ!" ಎಂದು ಓಣಿಯೆಲ್ಲ ಎದ್ದು ಬರುವಂತೆ ಕೂಗಿದ್ದು ಮಾತ್ರ ಮೊದಲನೆಯವನ ಗಂಟಲಿನಲ್ಲೇ.