ಜಬ್ಬಾರ್ ನೋಡಿದ ಬ್ರೇಕು

ಹುಣಸೂರಿನಲ್ಲಿ ಜಬ್ಬಾರ್ ಅಂತ ಕೇಳಿದರೆ ನಾಲ್ಕು ಮಂದಿಯನ್ನು ತೋರಿಸುತ್ತಾರೆ. ಬ್ರೇಕ್ ಜಬ್ಬಾರ್ ಅಂದರೆ ಒಬ್ಬನೇ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ತಗಡಿನ ಶೆಡ್ಡು, ಮೂವತ್ತಾರು ವರ್ಷದ ಕಸುಬು, ಎಷ್ಟು ತೊಳೆದರೂ ಬಿಳುಪಾಗದ ಉಗುರು. ಇಂಜಿನ್ ಕೆಲಸ ಮುಟ್ಟುವವನಲ್ಲ, ಗೇರ್‌ಬಾಕ್ಸ್ ಬಿಚ್ಚುವವನಲ್ಲ. "ಓಡ್ಸೋರು ಊರ್ ತುಂಬ ಅವ್ರೆ, ನಿಲ್ಸೋದ್ನ ನೋಡ್ಕಳಕ್ಕೆ ನಾನೊಬ್ಬ ಇರ್ಲಿ ಬುಡಿ" ಎನ್ನುತ್ತಿದ್ದ. ಈ ಮಾತು ಕೇಳಿ ಕೇಳಿ ಸಾಕಾಗಿದ್ದವಳು ಹೆಂಡತಿ ಜೀನತುನ್ನೀಸಾ ಒಬ್ಬಳೇ. ಉಳಿದವರಿಗೆಲ್ಲ ಅದು ಸರಿಯಾಗಿಯೇ ಕಾಣುತ್ತಿತ್ತು, ಯಾಕೆಂದರೆ ಜಬ್ಬಾರ್ ಹಾಕಿದ ಬ್ರೇಕು ಹಿಡಿಯಲಿಲ್ಲ ಎಂದು ಯಾರೂ ವಾಪಸ್ ಬಂದವರಿರಲಿಲ್ಲ.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಕೆ.ಆರ್. ನಗರದಿಂದ, ಎಚ್.ಡಿ. ಕೋಟೆಯಿಂದ, ಪಿರಿಯಾಪಟ್ಟಣದಿಂದ ಅವನನ್ನು ಹುಡುಕಿಕೊಂಡು ಬರುತ್ತಿದ್ದರು, ಹೆಣ್ಣು ನೋಡಲು ಹೋಗುವಾಗ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯುವ ಹಾಗೆ. ಅವನು ಗಾಡಿ ನೋಡುವುದೂ ಒಂದು ಶಾಸ್ತ್ರವೇ. ಮೊದಲು ಬಲಗಾಲಿನ ಚಪ್ಪಲಿ ಬಿಡುತ್ತಿದ್ದ. ಚಪ್ಪಲಿ ಸುಳ್ಳು ಹೇಳುತ್ತದೆ, ಅಂಗಾಲು ಹೇಳುವುದಿಲ್ಲ ಎಂಬುದು ಅವನ ನಂಬಿಕೆ. ಇಂಜಿನ್ ಆರಿಸಿ ಪೆಡಲ್ ನಾಲ್ಕೈದು ಸಲ ತುಳಿದು ಗಟ್ಟಿ ಮಾಡುವುದು, ಹಾಗೇ ಒತ್ತಿಕೊಂಡು ಇಂಜಿನ್ ಶುರು ಮಾಡಿದರೆ ಅದು ಒಂದು ಬೆರಳಿನಷ್ಟು ಇಳಿಯಬೇಕು. ಆಮೇಲೆ ಪೆಡಲನ್ನು ಮೆತ್ತಗೆ, ಅರ್ಧದಷ್ಟೇ ಒತ್ತಿಹಿಡಿದು ಒಂದರಿಂದ ಅರವತ್ತರವರೆಗೆ ಎಣಿಸುವುದು. ಕಾಲಿನ ಕೆಳಗೆ ಪೆಡಲ್ ನಿಧಾನವಾಗಿ ಜಾರಿದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರು ಬ್ರೇಕ್ ಆಯಿಲನ್ನು ಹಿಂದಕ್ಕೆ ಬಿಡುತ್ತಿದೆ ಎಂದರ್ಥ. ಅಂಥ ಗಾಡಿ ಧಡಕ್ಕನೆ ತುಳಿದರೆ ನಿಲ್ಲುತ್ತದೆ. ಮೆತ್ತಗೆ ತುಳಿದವನಿಗೆ ಕೈಕೊಡುತ್ತದೆ. ಇಷ್ಟಾದ ಮೇಲೆ ಮಟ್ಟದ ರಸ್ತೆಯಲ್ಲಿ ಓಡಿಸಿ ಜೋರಾಗಿ ತುಳಿದು, ಗಾಡಿ ಎಡಕ್ಕೋ ಬಲಕ್ಕೋ ಎಳೆಯುತ್ತದೆಯೇ ಎಂದು ನೋಡುವುದು. ಇದೆಲ್ಲ ಮುಗಿಯುವ ತನಕ ಇನ್ನೊಬ್ಬರನ್ನು ಗಾಡಿಗೆ ಹತ್ತಿಸುತ್ತಿರಲಿಲ್ಲ.

ಆ ಭಾನುವಾರ ಮಾತ್ರ ಹತ್ತಿಸಿದ.

ಮಿರ್ಲೆಯ ಕೆಂಪಯ್ಯ ನಾಲೆ ನೀರಿನ ಗದ್ದೆಯವನು. ಹನ್ನೆರಡು ವರ್ಷದಿಂದ ತನ್ನ ಟ್ರ್ಯಾಕ್ಟರಿನ ಬ್ರೇಕನ್ನು ಜಬ್ಬಾರನ ಕೈಯಲ್ಲಲ್ಲದೆ ಮತ್ತೊಬ್ಬರ ಕೈಗೆ ಕೊಟ್ಟವನಲ್ಲ. ಸೊಸೆ ಸೌಂದರ್ಯಳಿಗೆ ಏಳು ತಿಂಗಳಾಗಿತ್ತು. ಹೆರಿಗೆಗೆ ಓಡಾಡಲು ಮನೆಯಲ್ಲೊಂದು ಗಾಡಿ ಇರಲಿ ಎಂದು ಹೆಂಡತಿ ದೊಡ್ಡಮ್ಮ ಹಟ ಹಿಡಿದಿದ್ದಳು. ಪಿರಿಯಾಪಟ್ಟಣದಲ್ಲಿ ರಿಟೈರಾದ ಮೇಷ್ಟ್ರು ಗಂಗಾಧರಪ್ಪನವರ ಏಳು ಸೀಟಿನ ಡೀಸೆಲ್ ಗಾಡಿ ಮಾರಾಟಕ್ಕಿದೆ ಎಂಬ ಸುದ್ದಿ ಬಂದಿತ್ತು. ಇಡೀ ಮನೆಯೇ ಕೂತು ನೋಡದೆ ಗಾಡಿ ತೆಗೆದುಕೊಳ್ಳುವ ವಾಡಿಕೆ ಕೆಂಪಯ್ಯನ ವಂಶದಲ್ಲೇ ಇಲ್ಲ. ಗಂಡ, ಹೆಂಡತಿ, ಮಗ ಕುಮಾರ್, ಸೊಸೆ, ಕೆಂಪಯ್ಯನ ತಂಗಿ, ತಂಗಿಯ ಗಂಡ ಎಲ್ಲರೂ ಬಾಡಿಗೆ ಗಾಡಿಯಲ್ಲಿ ಬಂದಿಳಿದು, ಹುಣಸೂರಿನಲ್ಲಿ ಹತ್ತಿಸಿಕೊಂಡಿದ್ದ ಜಬ್ಬಾರನನ್ನೂ ಇಳಿಸಿ, ಆ ಗಾಡಿಯನ್ನು ವಾಪಸ್ ಕಳಿಸಿಬಿಟ್ಟರು. ಹೋಗುವಾಗ ನಮ್ಮ ಗಾಡಿಯಲ್ಲೇ ಹೋಗುತ್ತೇವಲ್ಲ ಎಂಬ ಧೈರ್ಯ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ.

"ನಾಕೂವರೆಗೆ ರಾಹುಕಾಲ ಬತ್ತದೆ ಜಬ್ಬಾರಣ್ಣ. ಅಷ್ಟ್ರೊಳ್ಗೆ ನೀವೊಂದ್ ಮಾತು ಅಂದ್ಬುಟ್ರೆ ಅಡ್ವಾನ್ಸ್ ಕೊಟ್ಬುಡ್ತೀನಿ" ಎಂದ ಕೆಂಪಯ್ಯ. ಆಗಲೇ ಮೂರೂಮುಕ್ಕಾಲು.

ಜಬ್ಬಾರ್ ಬಾನೆಟ್ ಎತ್ತಿದ. ಮಾಸ್ಟರ್ ಸಿಲಿಂಡರಿನ ಮೈಮೇಲೆ ಕಡಲೆಕಾಳಿನಷ್ಟು ಹಸಿರು ಬಣ್ಣದ ಬೊಟ್ಟು. ಅವನಿಗೆ ನಗು ಬಂತು. ತಾನು ಕೆಲಸ ಮಾಡಿದ ಗಾಡಿಗೆಲ್ಲ ಅವನು ಇಡುತ್ತಿದ್ದ ಗುರುತು ಅದು.

"ಮೇಷ್ಟ್ರೇ, ಇದು ನನ್ ಶೆಡ್ಡಿಗೆ ಬಂದಿತ್ತಾ?"

"ಹೋದ ವರ್ಷ ನನ್ನ ಅಳಿಯ ಹುಣಸೂರಿಗೆ ತಂದು ಬ್ರೇಕ್ ಮಾಡಿಸಿದ್ದ. ನೀವೇ ಅಂತ ನನಗೆ ಗೊತ್ತಿರಲಿಲ್ಲ" ಎಂದರು ಗಂಗಾಧರಪ್ಪ. ಮೇಷ್ಟ್ರು ಮೆಲುಮಾತಿನ ಮನುಷ್ಯ. ಗಾಡಿಯನ್ನೂ ಹಾಗೇ ಓಡಿಸುವವರು, ಒಬ್ಬರೇ, ತೋಟಕ್ಕೂ ಮನೆಗೂ.

ಹೆತ್ತವರಿಗೆ ಹೆಗ್ಗಣ ಮುದ್ದು. ಊರವರ ಕೆಲಸದಲ್ಲಿ ಹುಳುಕು ಹುಡುಕುವ ಈ ಮನುಷ್ಯ, ತನ್ನ ಬೊಟ್ಟು ಕಂಡದ್ದೇ ತಡ, ಶಾಸ್ತ್ರವನ್ನೆಲ್ಲ ಗಂಟು ಕಟ್ಟಿ ಅತ್ತ ಇಟ್ಟ. ಚಪ್ಪಲಿಯನ್ನೇನೋ ಬಿಟ್ಟು ಪೆಡಲ್ ಎರಡು ಸಲ ತುಳಿದ, ಗಟ್ಟಿಯಾಗಿತ್ತು. ಅರವತ್ತು ಎಣಿಸಲಿಲ್ಲ. ಮುಖ್ಯರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಧಡಕ್ಕನೆ ತುಳಿದ. ಗಾಡಿ ಗೆರೆ ಎಳೆದಂತೆ ನೆಟ್ಟಗೆ ನಿಂತಿತು. ವಾಪಸ್ ಬಂದು ಬಾಗಿಲು ತೆಗೆದು, "ಹತ್ರಿ ಗೌಡ್ರೇ, ನಮ್ದೇ ಕೈ ಕೆಲ್ಸ" ಎಂದ.

ಎಲ್ಲರೂ ಹತ್ತಿದರು. ಮುಂದೆ ಮೇಷ್ಟ್ರು, ನಡುವೆ ಕೆಂಪಯ್ಯ, ದೊಡ್ಡಮ್ಮ, ಸೌಂದರ್ಯ, ಹಿಂದೆ ಉಳಿದ ಮೂವರು. ಊರು ದಾಟಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳ ನಡುವಿನ ಒಳರಸ್ತೆಗೆ ಜಬ್ಬಾರ್ ಗಾಡಿ ತಿರುಗಿಸಿದ. ದಿಣ್ಣೆ ಹತ್ತುವಾಗ ಇಂಜಿನ್ ಎಳೆತ ನೋಡಿ ಕುಮಾರ್ ಹಿಂದಿನಿಂದ ಭೇಷ್ ಎಂದ. ದಿಣ್ಣೆಯ ತುದಿಯಿಂದ ರಸ್ತೆ ಉದ್ದಕ್ಕೆ ಇಳಿದು ಕೆರೆಯ ಹತ್ತಿರ ಎಡಕ್ಕೆ ತಿರುಗಿ ಏರಿಯ ಮೇಲೆ ಹೋಗುತ್ತಿತ್ತು.

"ಮೆತ್ತಗೆ ಅಣ್ಣಾ, ಬಸ್ರಿ ಎಂಗ್ಸು" ಎಂದಳು ದೊಡ್ಡಮ್ಮ.

"ಊವಿನ್ ಅಂಗೆ ಇಳಿಸ್ತೀನಿ ತಾಯಿ" ಎಂದು ಜಬ್ಬಾರ್ ಪೆಡಲಿನ ಮೇಲೆ ಬರಿಗಾಲನ್ನು ಹಗುರವಾಗಿ ಇಟ್ಟ. ಗಾಡಿ ಹಿಡಿದುಕೊಂಡಿತು. ಅರ್ಧ ಇಳಿಜಾರು ಇಳಿಯುವ ಹೊತ್ತಿಗೆ ಅಂಗಾಲಿನ ಕೆಳಗೆ ಏನೋ ಜಾರಿದಂತಾಯಿತು. ಭ್ರಮೆ ಇರಬೇಕು ಅಂದುಕೊಂಡ. ಮತ್ತೆ ಜಾರಿತು. ಪೆಡಲ್ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತ ಇಳಿಯುತ್ತ ನೆಲ ಮುಟ್ಟಿತು. ಎಂಟು ಜನರ ಭಾರ ಹೊತ್ತ ಗಾಡಿ ಓಟ ಹೆಚ್ಚಿಸಿತು.

ಹಿಂದೆ ಮಾತು ನಡೆದೇ ಇತ್ತು. ಸೀಟಿಗೆ ಯಾವ ಬಣ್ಣದ ಕವರು ಹಾಕಿಸುವುದು ಎಂದು ಕೆಂಪಯ್ಯನ ತಂಗಿ ಕೇಳುತ್ತಿದ್ದಳು. ಕೆಳಗೆ ಏರಿಯ ಮೇಲಿಂದ ಒಂದು ಟ್ರ್ಯಾಕ್ಟರು, ನಾಳೆಯ ಹರಾಜಿಗೆ ಹೊಗೆಸೊಪ್ಪಿನ ಬೇಲುಗಳನ್ನು ಹೇರಿಕೊಂಡು, ರಸ್ತೆಯ ಅಗಲಕ್ಕೆ ಅಗಲವಾಗಿ ಎದುರು ಬರುತ್ತಿತ್ತು. ಬಲಗಡೆ ಕೆರೆಯ ನೀರು.

ಕಾಲೆತ್ತಿ ರಪ್ಪನೆ ತುಳಿದ. ಸ್ವಲ್ಪ ಹಿಡಿಯಿತು, ಬಿಟ್ಟಿತು. ಮತ್ತೆ ಎತ್ತಿ ತುಳಿದ. ಮೂರನೇ ಗೇರಿನಿಂದ ಎರಡಕ್ಕೆ ಎಳೆದಾಗ ಇಂಜಿನ್ ಕಿರುಚಿತು, ಎಲ್ಲರೂ ಮುಂದಕ್ಕೆ ಬಾಗಿದರು, ಮಾತು ನಿಂತಿತು. ಮೇಷ್ಟ್ರು ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಹಿಡಿದುಕೊಂಡರು. ಜಬ್ಬಾರ್ ಹ್ಯಾಂಡ್ ಬ್ರೇಕನ್ನು ಹಲ್ಲು ಹಲ್ಲಾಗಿ ಎಳೆಯುತ್ತ ಹೋದ. ಒಮ್ಮೆಲೇ ಎಳೆದರೆ ಗಾಡಿ ತಿರುಗಿ ಕೆರೆಗೆ ಬೀಳುತ್ತದೆಂದು ಅವನಿಗೆ ಗೊತ್ತಿತ್ತು.

"ಎಲ್ರೂ ಗಟ್ಟಿಯಾಗ್ ಇಡ್ಕೊಳ್ಳಿ" ಎಂದಷ್ಟೇ ಹೇಳಿದ.

ತಿರುವಿನ ಎಡಕ್ಕೆ ಕೆರೆಯ ಹೂಳು ತೆಗೆದು ಗುಡ್ಡೆ ಹಾಕಿದ್ದರು. ಜಬ್ಬಾರ್ ಎಡಗಡೆಯ ಚಕ್ರಗಳನ್ನು ಅದಕ್ಕೆ ನುಗ್ಗಿಸಿದ. ಗಾಡಿ ಓಲಾಡಿತು, ಬುರುಬುರು ಮಣ್ಣು ಕಿತ್ತುಕೊಂಡು ಹದಿನೈದು ಮಾರು ಹೋಯಿತು, ಹೂತುಕೊಂಡು ನಿಂತಿತು. ಟ್ರ್ಯಾಕ್ಟರಿನವನು ನಾಲ್ಕು ಅಡಿ ಆಚೆ ತನ್ನ ಬ್ರೇಕಿನ ಮೇಲೆ ಎದ್ದು ನಿಂತಿದ್ದ.

ದೊಡ್ಡಮ್ಮ ಸೊಸೆಯನ್ನು ತೋಳಿನಲ್ಲಿ ಅವುಚಿಕೊಂಡಿದ್ದಳು. ಸೌಂದರ್ಯ ಹೊಟ್ಟೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೂತಿದ್ದಳು. ಅವಳ ಮುಖವನ್ನು ಕನ್ನಡಿಯಲ್ಲಿ ನೋಡುತ್ತ ಜಬ್ಬಾರ್ ಅಲ್ಲಾಹುವಿನ ಹೆಸರನ್ನು ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ.

"ಒದೀತಾ ಐತೆ ಅತ್ತೆ" ಎಂದಳು ಸೌಂದರ್ಯ ಕಡೆಗೆ. ಆಗ ದೊಡ್ಡಮ್ಮ ಅತ್ತಳು.

ಇಳಿದದ್ದೇ ಕುಮಾರ್ ನೇರ ಮೇಷ್ಟ್ರ ಮುಂದೆ ಹೋಗಿ ನಿಂತ. "ಏನ್ರೀ ಇದು? ಸಾಯ್ಸಕ್ಕೆ ಕರ್ಕೊಂಡ್ ಬಂದ್ರಾ ನಮ್ಮುನ್ನ?"

ಗಂಗಾಧರಪ್ಪ ಒಂದು ಹೆಜ್ಜೆ ಹಿಂದೆ ಸರಿದರು. "ಒಂದೊಂದು ಸಲ ಪೆಡಲ್ ಸ್ವಲ್ಪ ಕೆಳಗೆ ಹೋಗ್ತಿತ್ತಪ್ಪ. ಎತ್ತಿ ತುಳಿದರೆ ಸರಿಹೋಗ್ತಿತ್ತು. ಗಾಡಿಯ ರೀತಿಯೇ ಹಾಗೆ ಅಂದುಕೊಂಡಿದ್ದೆ."

"ಅಂದ್ಕಂಡಿದ್ರಾ? ಗೊತ್ತಿದ್ದೂ ಬಾಯ್ ಬುಡ್ನಿಲ್ವಲ್ರೀ" ಎಂದು ಕೆಂಪಯ್ಯನೂ ಏರಿಹೋದ. ತಂಗಿಯ ಗಂಡ ಪೊಲೀಸರನ್ನು ಕರೆಸೋಣ ಅಂದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

ಜಬ್ಬಾರ್ ಒಂಟಿ ಚಪ್ಪಲಿಯಲ್ಲಿ ಗಾಡಿಯ ಪಕ್ಕ ನಿಂತಿದ್ದ. ಅವನನ್ನು ಒಬ್ಬರೂ ಬಯ್ಯಲಿಲ್ಲ. ಟ್ರ್ಯಾಕ್ಟರಿನವನಂತೂ ಹತ್ತಿರ ಬಂದು, ಬೇರೆ ಯಾರಾದರೂ ಆಗಿದ್ದರೆ ಎಂಟೂ ಜನ ಕೆರೆ ಪಾಲಾಗುತ್ತಿದ್ದರು ಎಂದು ಬೆನ್ನು ತಟ್ಟಿದ. ಆ ಏಟು ಜಬ್ಬಾರನಿಗೆ ಚುರುಕ್ಕೆಂದಿತು, ಯಾಕೆಂದರೆ ಅಷ್ಟರಲ್ಲಿ ಅವನಿಗೆ ನೆನಪಾಗಿತ್ತು. ಹೋದ ವರ್ಷದ ರಂಜಾನ್ ಹಬ್ಬದ ಹಿಂದಿನ ಸಂಜೆ. ಈ ಸಿಲಿಂಡರನ್ನು ಬಿಚ್ಚಿ ಒರೆಸಿ ಒಳಗೆ ಕಿರುಬೆರಳು ಆಡಿಸಿದಾಗ ಉಗುರಿಗೆ ಒಂದು ಗೆರೆ ತಗುಲಿತ್ತು, ಕೂದಲೆಳೆಯಷ್ಟು. ಗೆರೆ ಬಿದ್ದ ಸಿಲಿಂಡರನ್ನು ಎಸೆಯಬೇಕು. ಹೊಸ ರಬ್ಬರು ಹಾಕಿದರೂ ಆ ಗೆರೆ ಅದನ್ನು ದಿನಾ ಸವೆಸುತ್ತದೆ. ಹೊಸ ಸಿಲಿಂಡರಿಗೆ ಮೈಸೂರಿಗೆ ಹೋಗಬೇಕಿತ್ತು. ಹಬ್ಬದ ಅವಸರ. ಇಷ್ಟೇನು ಮಾಡೀತು ಎಂದು ರಬ್ಬರು ಹಾಕಿ, ಮುಚ್ಚಿ, ಬೊಟ್ಟಿಟ್ಟು ಕಳಿಸಿದ್ದ.

ಸುಮ್ಮನಿದ್ದರೆ ಆಗುತ್ತಿತ್ತು. ಅಷ್ಟು ಸುಲಭವಿತ್ತು. ಮೂವತ್ತಾರು ವರ್ಷದ ಹೆಸರು ಉಳಿಯುತ್ತಿತ್ತು, ಮೇಷ್ಟ್ರು ಹೇಗೂ ಬಯ್ಗುಳ ತಿಂದಾಗಿತ್ತು. ಅವನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕುಮಾರ್ ಮೇಷ್ಟ್ರ ಅಂಗಿಗೆ ಕೈ ಹಾಕುವ ತನಕ ಸುಮ್ಮನೇ ಇದ್ದ.

"ಕುಮಾರಪ್ಪ, ಕೈ ಬುಡು. ಅವರ್ದೇನಿಲ್ಲ" ಎಂದ. "ಸಿಲಿಂಡರ್ನಾಗೆ ಗೆರೆ ಇತ್ತು. ನನ್ ಉಗುರಿಗೇ ಸಿಕ್ಕಿತ್ತು. ಗೊತ್ತಿದ್ದೇ ಮುಚ್ಚಿ ಕೊಟ್ಟೆ. ಇವತ್ತು ನೋಡ್ಬೇಕಾದ್ ಅಂಗೆ ನೋಡಿದ್ರೂ ಸಿಗ್ತಿತ್ತು. ನಂದೇ ಕೆಲ್ಸ ಅಂತ ನೋಡ್ನಿಲ್ಲ."

ಕೆಂಪಯ್ಯ ಹನ್ನೆರಡು ವರ್ಷದ ನಂಬಿಕೆಯನ್ನು ಎಲ್ಲಿಡುವುದೆಂದು ತಿಳಿಯದವನಂತೆ ಕೆರೆಯ ಕಡೆ ತಿರುಗಿಕೊಂಡ. ಕುಮಾರ್ ಮೇಷ್ಟ್ರ ಅಂಗಿ ಬಿಟ್ಟ. ಜಬ್ಬಾರ್ ತಲೆ ತಗ್ಗಿಸಿ ಬಯ್ಗುಳಕ್ಕೆ ಕಾದ.

ಬಂದದ್ದು ದೊಡ್ಡಮ್ಮ. ಕಣ್ಣೊರೆಸಿಕೊಂಡು ಅವನೆದುರು ನಿಂತಳು. ಬಯ್ಯಲಿಲ್ಲ.

"ಇಂಗೆ ಇನ್ನೆಷ್ಟ್ ಗಾಡಿಗೆ ಮಾಡಿದ್ದೀಯಪ್ಪ?" ಎಂದು ಕೇಳಿದಳು.

ಜಬ್ಬಾರ್ ಅದೇ ಹಬ್ಬದ ಸಂಜೆ ಇನ್ನೊಂದು ಸಿಲಿಂಡರನ್ನೂ ಬಿಚ್ಚಿದ್ದ. ಅದಕ್ಕಂತೂ ಬೆರಳು ಆಡಿಸಿ ನೋಡಿಯೇ ಇರಲಿಲ್ಲ. ಸಂಜೆ ನಮಾಜಿಗೆ ಮಗ್ರಿಬ್‌ನ ಆಜಾನ್ ಕೂಗಿತ್ತು, ರಬ್ಬರು ತುರುಕಿ ಕೊಟ್ಟುಬಿಟ್ಟಿದ್ದ. ಅದು ಹ್ಯಾಂಡ್‌ಪೋಸ್ಟ್ ಎಂಬ ಊರಿನ ನಂಜಣ್ಣನ ಗಾಡಿಯದು. ನಂಜಣ್ಣ ಕೂಲಿ ಹೆಂಗಸರನ್ನು ಕೊಡಗಿನ ಕಾಫಿ ತೋಟಕ್ಕೆ ಕರೆದೊಯ್ದು ಸಂಜೆ ವಾಪಸ್ ತರುವವನು.

"ಒಂದು" ಎಂದ ಜಬ್ಬಾರ್, ಜೇಬಿನಿಂದ ಫೋನ್ ತೆಗೆಯುತ್ತ. ಎರಡು ಸಲ ತಪ್ಪು ಹೆಸರು ಒತ್ತಿದ. ಮೂರನೇ ಸಲ ರಿಂಗಾಯಿತು, ರಿಂಗಾಗುತ್ತಲೇ ಇತ್ತು, ಕಟ್ಟಾಯಿತು. ಮತ್ತೆ ಮಾಡಿದ. ಮೇಷ್ಟ್ರು, ಕೆಂಪಯ್ಯ, ಕುಮಾರ್ ಎಲ್ಲರೂ ಅವನ ಸುತ್ತ ಬಂದು ನಿಂತರು.

"ಹೇಳಿ ಜಬ್ಬಾರಣ್ಣ." ಹಿಂದೆ ಇಂಜಿನ್ ಸದ್ದು, ಹೆಂಗಸರ ನಗು.

"ನಂಜಣ್ಣ, ಎಲ್ಲಿದ್ದೀಯ?"

"ತೋಟದಿಂದ ಬತ್ತಾ ಇವ್ನಿ. ಇಳಿಜಾರ್ನಾಗಿವ್ನಿ, ಆಮ್ಯಾಕ್ ಮಾಡ್ಲಾ?"

"ಫೋನ್ ಇಡ್ಬೇಡ. ಪಕ್ಕದೋರ್ ಕೈಗೆ ಕೊಟ್ಟು ಸ್ಪೀಕರ್‌ಗೆ ಹಾಕ್ಸು." ಜಬ್ಬಾರ್ ತನ್ನ ದನಿಯನ್ನು ಹಿಡಿತಕ್ಕೆ ತಂದುಕೊಂಡ. "ಎಷ್ಟ್ ಜನ ಅವ್ರೆ?"

"ಅನ್ನೊಂದ್ ಜನ."

"ನಾನ್ ಹೇಳ್ದಂಗ್ ಮಾಡು. ಬ್ರೇಕ್ ಮ್ಯಾಲೆ ಮೆತ್ತಗ್ ಕಾಲ್ ಇಡ್ಬೇಡ. ಎರಡನೇ ಗೇರಿಗೆ ಬಾ. ಬಂದ್ಯಾ? ಈಗ ಕಾಲೆತ್ತಿ ಒಂದೇ ಸಲ ಗಟ್ಟಿಯಾಗ್ ತುಳಿ. ಬುಡಬೇಡ. ಹ್ಯಾಂಡ್ ಬ್ರೇಕ್ ಎಳ್ಕೊ."

ಫೋನಿನಲ್ಲಿ ಇಂಜಿನ್ ಏರಿತು. ಒಬ್ಬಳು ಹೆಂಗಸು ಅಯ್ಯೋ ಎಂದಳು. ಏನೋ ಉರುಳಿಬಿದ್ದ ಸದ್ದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ದೊಡ್ಡಮ್ಮ ಜಬ್ಬಾರನ ತೋಳು ಹಿಡಿದುಕೊಂಡಿದ್ದಳು. ಹಿಡಿದದ್ದು ಅವಳಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

"ನಿಂತ್ಕತ್ತು ಕಣಣ್ಣ" ಎಂದಿತು ನಂಜಣ್ಣನ ದನಿ. "ಊಟದ್ ಡಬ್ಬಿ ಎಲ್ಲಾ ಚೆಲ್ಲೋಯ್ತು. ಯಾಕೆ?"

"ಎಲ್ಲಾರ್ನೂ ಇಳ್ಸು. ಚಕ್ರಕ್ಕೆ ಕಲ್ ಕೊಡು. ಬೇರೆ ಗಾಡಿ ತರ್ಸಿ ಅವರ್ನ ಕಳ್ಸು. ನಾನ್ ಬರೋಗಂಟ ಅದುನ್ನ ಒಂದ್ ಮಾರೂ ಓಡಿಸ್ಬೇಡ."

"ಯಾಕಣ್ಣ, ನೀವೇ ಮಾಡಿದ್ ಬ್ರೇಕಲ್ವಾ ಇದು?"

"ಅದಕ್ಕೇ ಇಳ್ಸು ಅಂತಿರೋದು" ಎಂದ ಜಬ್ಬಾರ್.