ದುಂಬಿಗಳು ಊಟಕ್ಕೆ ಕೂತಿವೆ

ನಮ್ಮ ಬೀದಿಯ ಕೊನೆಯ ಮನೆಯ ಯಜಮಾನರಿಗೆ ಮಕ್ಕಳು ಇಟ್ಟಿರುವ ಹೆಸರು ಕಳೆ ತಾತ. ರೈಲು ಹಳಿಯ ಪಕ್ಕ ಹೇಳುವವರು ಕೇಳುವವರಿಲ್ಲದೆ ಬೆಳೆದಿದ್ದ ಹಳದಿ ಹೂವಿನ ಕಾಡುಗಿಡವನ್ನು ಬೇರುಸಮೇತ ತಂದು, ಇದ್ದ ಗುಲಾಬಿಗಳನ್ನೆಲ್ಲ ಕಿತ್ತು, ಅದಕ್ಕೆ ಇಡೀ ಅಂಗಳವನ್ನೇ ಬರೆದುಕೊಟ್ಟ ಪುಣ್ಯಾತ್ಮ. "ನೀರು ಕೇಳಲ್ಲ, ಗೊಬ್ಬರ ಕೇಳಲ್ಲ, ಬುಡದವರೆಗೂ ಕತ್ತರಿಸಿದ್ರೂ ಮುನಿಸಿಕೊಳ್ಳದೆ ಮುಂದಿನ ವರ್ಷ ಚಿಗುರುತ್ತೆ. ಅಂಥವರು ನಿಮ್ಮ ಮನೇಲಿ ಯಾರಾದ್ರೂ ಇದ್ದಾರಾ?" ಎಂದು ದಾರಿಹೋಕರನ್ನು ತಡೆದು ಕೇಳುತ್ತಾರೆ. ಅಡುಗೆಮನೆಯ ಕಿಟಕಿಯಿಂದ ಅವರ ಹೆಂಡತಿ, "ಇದ್ದೀನಲ್ಲ, ನಾನು" ಎನ್ನುತ್ತಾರೆ. ಗಂಡಂದಿರಿಗೆ ಇಂಥದ್ದೆಲ್ಲ ಎಲ್ಲಿ ಕೇಳಿಸುತ್ತದೆ! ಹೂ ಬಿಡುವ ಕಾಲದಲ್ಲಿ ಆ ಮನೆಯ ಬಟ್ಟೆ ಹೊರಗೆ ಒಣಗುವಂತಿಲ್ಲ, ಹಗ್ಗ ದುಂಬಿಗಳ ದಾರಿಗೆ ಅಡ್ಡವಂತೆ. ಅಂಚೆಯವನು ಕಾಂಪೌಂಡಿಗೆ ಬೆನ್ನು ಅಂಟಿಸಿಕೊಂಡು ಏಡಿಯ ಹಾಗೆ ಅಡ್ಡಡ್ಡ ಬರಬೇಕು. ಯಾರಾದರೂ ಗೇಟಿನ ಹತ್ತಿರ ಬಾಯಿ ತೆರೆದರೆ ಸಾಕು, "ಮೆಲ್ಲಗೆ! ದುಂಬಿಗಳು ಊಟಕ್ಕೆ ಕೂತಿವೆ!" ಎಂದು ಬೀದಿಯೆಲ್ಲ ಬೆಚ್ಚಿಬೀಳುವಂತೆ ಕೂಗುತ್ತಾರೆ. ನಮ್ಮ ಮನೆಯ ಕೂಸು ನಿದ್ದೆಯಿಂದ ಎದ್ದು ಅಳುತ್ತದೆ, ದುಂಬಿಗಳು ಮಾತ್ರ ಕದಲುವುದಿಲ್ಲ. ಮೊನ್ನೆ ಜಗಳವಾಡಲೆಂದೇ ಹೋದೆ. ತಾತ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಹೂವಿನ ದಂಟೊಂದನ್ನು ನಾಡಿ ನೋಡುವವರಂತೆ ಎರಡು ಬೆರಳಲ್ಲಿ ಹಿಡಿದಿದ್ದರು. ಮೇಲೆ ಹೂವಿನಲ್ಲಿ ದುಂಬಿ ಗುಂಯ್‌ಗುಡುತ್ತಿತ್ತು, ದಂಟು ಸಣ್ಣಗೆ ನಡುಗುತ್ತಿತ್ತು. ಅವರ ಹೆಂಡತಿ ನನ್ನ ತೋಳು ಹಿಡಿದು ನಿಲ್ಲಿಸಿ, ದನಿ ತಗ್ಗಿಸಿ ಹೇಳಿದರು: "ಗಿರಣಿಯ ಮಗ್ಗಗಳ ಸದ್ದಿಗೆ ಕಿವಿ ಯಾವತ್ತೋ ಹೋಯ್ತಪ್ಪ. ಈಗ ಇವರಿಗೆ ಕೇಳಿಸೋದು ಆ ಎರಡು ಬೆರಳಲ್ಲೇ."