ಗಾಜಕ್ಕನ ತಾಯಿ ಎರಡು ಸಲ ತೀರಿಕೊಂಡದ್ದು

ರಸ್ತೆಯ ತಿರುವಿನಲ್ಲಿರುವ ಆ ಕನ್ನಡಕದ ಅಂಗಡಿಗೆ ಎರಡು ಕೋಣೆ. ಮುಂದಿನದರಲ್ಲಿ ಕನ್ನಡಿ, ದೀಪ, ಸಾಲುಸಾಲು ಫ್ರೇಮು, ನಗುಮುಖದ ಮಾಲೀಕರು. ಹಿಂದಿನದರಲ್ಲಿ ಸಾಣೆ ಚಕ್ರ, ನೀರಿನ ತಟ್ಟೆ, ಎಷ್ಟು ಒರೆಸಿದರೂ ಹೋಗದ ಗಾಜಿನ ಬಿಳಿ ಪುಡಿ, ಮತ್ತು ಗಾಜಕ್ಕ. ದುಂಡಗಿನ ಗಾಜನ್ನು ಫ್ರೇಮಿನ ಅಳತೆಗೆ ಸವೆಸಿ ಕೂರಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೆಚ್ಚು ಸವೆದರೂ ಗಾಜು ಹಾಳು. ಇಪ್ಪತ್ತಾರು ವರ್ಷದಲ್ಲಿ ಅವಳು ಹಾಳು ಮಾಡಿದ ಗಾಜುಗಳನ್ನು ಬೆರಳಲ್ಲಿ ಎಣಿಸಬಹುದು ಎಂದು ಮಾಲೀಕರೇ ಹೇಳುತ್ತಿದ್ದರು. ಅವಳ ಹೆಸರು ಅಂಗಡಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವಳು ಗಾಜಕ್ಕ.

ಗಾಜಕ್ಕನನ್ನು ಸಾಕಿದಾಕೆ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದ ಒಂಟಿ ಹೆಂಗಸು. ಗಂಡ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ. ತಾನು ಆಕೆಯ ಹೊಟ್ಟೆಯ ಮಗಳಲ್ಲ ಎಂಬುದು ಗಾಜಕ್ಕನಿಗೆ ತಿಳಿದದ್ದು ಒಂಬತ್ತನೇ ವಯಸ್ಸಿನಲ್ಲಿ, ನಲ್ಲಿಯ ಹತ್ತಿರದ ಜಗಳದಲ್ಲಿ. ಕೊಡ ಮುಂದಿಟ್ಟದ್ದಕ್ಕೆ ಪಕ್ಕದ ಮನೆಯವಳು, "ಎತ್ತಿ ತಂದ ಪಿಳ್ಳೆಗೇ ಇಷ್ಟು ಕೊಬ್ಬಾ?" ಅಂದುಬಿಟ್ಟಳು. ಹುಡುಗಿ ಖಾಲಿ ಕೊಡ ಹಿಡಿದುಕೊಂಡು ಮನೆಗೆ ಬಂದು ಕೇಳಿದಳು. ಹೊಲಿಗೆಯಮ್ಮ ಮಿಷಿನ್ನಿನ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿ, ಸ್ವಲ್ಪ ಹೊತ್ತು ಸೂಜಿಯನ್ನೇ ನೋಡಿ, "ಹೌದು ಕಂದಾ. ನಿನ್ನ ಹೆತ್ತವಳು ನಿನ್ನ ಹೆತ್ತ ದಿನಾನೇ ತೀರಿಕೊಂಡಳು. ಅದಕ್ಕೇ ನಾನು ತಂದೆ," ಅಂದಳು.

ಹೊಲಿಗೆಯಮ್ಮ ಹೇಳಿದ್ದು ಅಷ್ಟೇ. ಮಿಕ್ಕದ್ದನ್ನು ಒಂಬತ್ತು ವರ್ಷದ ಹುಡುಗಿ ತಾನೇ ಸೇರಿಸಿಕೊಂಡಳು. ನಾನು ಹುಟ್ಟಿದೆ, ಅವಳು ಸತ್ತಳು. ನಾನು ಹುಟ್ಟದಿದ್ದರೆ ಅವಳು ಸಾಯುತ್ತಿರಲಿಲ್ಲ.

ಇದನ್ನು ಅವಳು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಹುಟ್ಟಿದ ದಿನ ಬಂದರೆ ಮಾತ್ರ ಮಂಕಾಗಿ, ಹೊಟ್ಟೆನೋವೆಂದು ಹೇಳಿ ಮಲಗಿಬಿಡುತ್ತಿದ್ದಳು. ಮದುವೆಯಾಗಿ ಬಸುರಿಯಾದಾಗ ಒಂಬತ್ತು ತಿಂಗಳೂ ಅವಳಿಗೆ ಸಾವಿನದೇ ಧ್ಯಾನ. ಹೆರಿಗೆ ಕೋಣೆಗೆ ಕರೆದೊಯ್ಯುವಾಗ ಗಂಡನ ಕೈ ಹಿಡಿದು, "ನಂಗೇನಾದ್ರೂ ಆದ್ರೆ ಜ್ವರ ಬಂದು ಸತ್ತಳು ಅನ್ನಿ. ನಿನ್ನಿಂದ ಸತ್ತಳು ಅಂತ ಮಾತ್ರ ಮಗೂಗೆ ಹೇಳಬೇಡಿ," ಅಂದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ತಲೆಬುಡ ಅರ್ಥವಾಗದೆ ಹೂಂಗುಟ್ಟಿದ. ಏನೂ ಆಗಲಿಲ್ಲ. ಹೆಣ್ಣುಮಗು ಸುಖವಾಗಿ ಹುಟ್ಟಿತು. ಬದುಕಿ ಉಳಿದದ್ದಕ್ಕೂ ಅವಳಿಗೆ ನಾಚಿಕೆಯಾಯಿತು.

ಹೊಲಿಗೆಯಮ್ಮ ಎಂಬತ್ತು ದಾಟಿ, ಮಗಳ ಮನೆಯಲ್ಲೇ, ಮಗಳ ಕೈಯಲ್ಲೇ ಗುಟುಕು ನೀರು ಕುಡಿದು ಹೋದಳು. ಕೊನೆಯ ತನಕ ಆ ಮಾತು ಇಬ್ಬರ ನಡುವೆ ಮತ್ತೆ ಬರಲಿಲ್ಲ. ಅದಾಗಿ ಮೂರು ವರ್ಷಕ್ಕೆ, ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುತ್ತಿದ್ದ ಗಾಜಕ್ಕನ ಮಗಳು ಒಂದು ಸಣ್ಣ ರಟ್ಟಿನ ಡಬ್ಬಿ ತಂದಳು. ಒಳಗೊಂದು ಪ್ಲಾಸ್ಟಿಕ್ ಕೊಳವೆ. ಅದರ ಗೆರೆಯವರೆಗೆ ಎಂಜಲು ತುಂಬಿಸಿ ಅಂಚೆಗೆ ಹಾಕಿದರೆ, ರಕ್ತಸಂಬಂಧಿಗಳು ಯಾರಾದರೂ ಅದೇ ಪರೀಕ್ಷೆ ಮಾಡಿಸಿದ್ದರೆ ಹೆಸರು ಸಮೇತ ಫೋನಿಗೆ ಬರುತ್ತದೆ.

"ಹೋದವಳನ್ನ ಡಬ್ಬಿ ತಂದುಕೊಡತ್ತೇನೆ?" ಅಂದಳು ಗಾಜಕ್ಕ.

"ನಿನ್ನ ಹೆತ್ತಮ್ಮ ಹೋಗಿರಬಹುದು. ಅವರ ಅಕ್ಕತಂಗಿಯರು, ಅವರ ಮಕ್ಕಳು ಇರ್ತಾರಲ್ಲಮ್ಮ. ಒಂದು ಫೋಟೋ ಆದ್ರೂ ಸಿಗಬಹುದು."

ಫೋಟೋ ಎಂಬ ಮಾತು ನಾಟಿತು. ಅದಕ್ಕಿಂತ ಆಳದಲ್ಲಿ ಇನ್ನೊಂದು ಆಸೆಯಿತ್ತು. ಆ ಮನೆಯ ಹೆಣ್ಣನ್ನು ತಿಂದುಕೊಂಡು ಹುಟ್ಟಿದವಳು ನಾನು, ಅವರಲ್ಲಿ ಯಾರಾದರೊಬ್ಬರ ಎದುರು ನಿಂತು ತಪ್ಪಾಯಿತು ಅನ್ನಬೇಕು. ನಲವತ್ತನಾಲ್ಕು ವರ್ಷದಿಂದ ಗಂಟಲಲ್ಲಿದ್ದ ಮಾತು ಅದು.

ಎಂಜಲು ಬರಲೊಲ್ಲದು. ಬಾಯಿ ಒಣಗಿಹೋಗಿತ್ತು. ಕೊಳವೆ ಹಿಡಿದು ಅರ್ಧ ಗಂಟೆ ಕೂತವಳನ್ನು ನೋಡಿ ಗಂಡ, "ಇಷ್ಟು ವರ್ಷ ನಂಗೆ ಉಗಿದಿದ್ದನ್ನೆಲ್ಲ ಕೂಡಿಟ್ಟಿದ್ರೆ ಇಡೀ ಬೀದಿಗೆ ಪರೀಕ್ಷೆ ಮಾಡಿಸಬಹುದಿತ್ತು," ಅಂದ. ಅವಳಿಗೆ ನಗು ಬಂತು. ಕೊಳವೆಯೂ ತುಂಬಿತು.

ಏಳನೇ ವಾರ ಉತ್ತರ ಬಂದಾಗ ಗಾಜಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ಮಗಳು ಫೋನ್ ನೋಡುತ್ತಾ ನೋಡುತ್ತಾ ಎದ್ದು ನಿಂತಳು.

"ಅಮ್ಮಾ, ನಿನಗೊಬ್ಬರು ತಂಗಿ ಇದ್ದಾರೆ. ನಿನಗಿಂತ ನಾಲ್ಕು ವರ್ಷ ಚಿಕ್ಕವರು."

"ಅಪ್ಪ ಅನ್ನಿಸಿಕೊಂಡವನು ಇನ್ನೊಂದು ಮದುವೆ ಆಗಿರ್ತಾನೆ ಬಿಡು."

"ಅಲ್ಲಮ್ಮ. ಅಪ್ಪನೂ ಒಬ್ಬರೇ, ಅಮ್ಮನೂ ಒಬ್ಬರೇ ಅಂತ ಇದೆ. ಒಡಹುಟ್ಟಿದ ತಂಗಿ."

ಗಾಜಕ್ಕ ಟವೆಲ್ಲನ್ನು ನಾಲ್ಕಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡಳು. "ಸತ್ತವಳು ನಾಲ್ಕು ವರ್ಷ ಬಿಟ್ಟು ಹೇಗೆ ಹೆರ್ತಾಳೆ?" ಅಂತ ಕೇಳಿದಳು. ಕೇಳಿದ ಮೇಲೆ ಅವಳಿಗೇ ಉತ್ತರ ಹೊಳೆಯಿತು. ಮಗಳು ಬಂದು ಪಕ್ಕದಲ್ಲಿ ಕೂತಳು.

ಮೊದಲು ಅವಳಿಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ಗೋಡೆಯ ಮೇಲಿದ್ದ ಹೊಲಿಗೆಯಮ್ಮನ ಪಟದೆದುರು ನಿಂತು, "ಬೇರೆ ಸುಳ್ಳೇ ಸಿಗಲಿಲ್ವಾ ನಿಂಗೆ? ಓಡಿಹೋದಳು ಅನ್ನಬಹುದಿತ್ತು. ಬೇಡ ಅಂತ ಬಿಟ್ಟಳು ಅನ್ನಬಹುದಿತ್ತು," ಅಂದಳು. ಸತ್ತವರೊಡನೆ ಜಗಳವಾಡಿದರೆ ಗಾಳಿಗೆ ಗುದ್ದಿದ ಹಾಗೆ. ಕೈ ನೋಯುತ್ತದೆ, ಅಷ್ಟೇ.

ತಂಗಿ ಬೇರೆ ಊರಿನಲ್ಲಿ, ರೈಲಿನಲ್ಲಿ ಎರಡು ಗಂಟೆಯ ದಾರಿಯಲ್ಲಿದ್ದಳು. ಶಾಲೆಯಲ್ಲಿ ಲೆಕ್ಕದ ಟೀಚರು. ಮಗ ತಂದುಕೊಟ್ಟನೆಂದು ತಮಾಷೆಗೆ ಪರೀಕ್ಷೆ ಮಾಡಿಸಿದ್ದವಳು. "ಏನೋ ತಪ್ಪಾಗಿರಬೇಕು. ನಮ್ಮ ತಂದೆತಾಯಿಗೆ ನಾನೊಬ್ಬಳೇ," ಎಂದು ಬರೆದಳು. ಗಾಜಕ್ಕನ ಮಗಳು ಗಾಜಕ್ಕನ ಫೋಟೋ ಕಳಿಸಿದಳು. ಹತ್ತು ದಿನ ಸದ್ದಿಲ್ಲ. ಆಮೇಲೆ ಎರಡು ಸಾಲು ಬಂತು: "ಅಮ್ಮನನ್ನು ಕೇಳಿದೆ. ಭಾನುವಾರ ಬನ್ನಿ. ಒಬ್ಬರೇ ಬನ್ನಿ."

ಬಾಗಿಲು ತೆರೆದ ಟೀಚರಿಗೆ ಗಾಜಕ್ಕನದೇ ಹಣೆ, ಗಾಜಕ್ಕನದೇ ಗಿಡ್ಡ ಬೆರಳು. ಇಬ್ಬರೂ ನಮಸ್ಕಾರ ಅಂದರು, ಬ್ಯಾಂಕಿನಲ್ಲಿ ಎದುರಾದವರ ಹಾಗೆ. ಹಾಲಿನ ಗೋಡೆಯಲ್ಲಿ ತೀರಿಕೊಂಡ ತಂದೆಯ ಪಟ. ಕೆಳಗೆ ಮೆತ್ತನೆಯ ಕುರ್ಚಿಯಲ್ಲಿ ಎಪ್ಪತ್ತೈದರ ಮುದುಕಿ, ಟೀವಿಯ ಸದ್ದು ಕಡಿಮೆ ಮಾಡಿಕೊಂಡು ಕೂತಿದ್ದಳು. ಗಾಜಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಗಳ ಕಡೆ ತಿರುಗಿ ಕೇಳಿದಳು:

"ಇದು ಮೊದಲನೆಯದೋ, ಎರಡನೆಯದೋ?"

ಟೀಚರ ಕೈಯಲ್ಲಿದ್ದ ಕಾಫಿ ತಟ್ಟೆಗೆ ಚೆಲ್ಲಿತು. ಅವಳಿಗೂ ಆ ಕ್ಷಣದವರೆಗೆ ಒಂದು ಮಗುವಿನ ವಿಷಯವಷ್ಟೇ ಗೊತ್ತಿದ್ದದ್ದು.

ಮುದುಕಿ ಮುಚ್ಚಿಡಲಿಲ್ಲ. ಅಷ್ಟು ವರ್ಷ ಮುಚ್ಚಿಟ್ಟು ಸಾಕಾಗಿತ್ತೋ ಏನೋ, ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳುತ್ತ ಹೋದಳು. ಹತ್ತೊಂಬತ್ತಕ್ಕೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತ್ತು. ಐದು ವರ್ಷ ಮದುವೆಯಾಗುವುದಿಲ್ಲ ಎಂದು ಬರೆದುಕೊಡಬೇಕಿತ್ತು. ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಅದೇ ಕಟ್ಟಡದಲ್ಲಿ ತಂತಿ ರಿಪೇರಿಯವನ ಸ್ನೇಹವಾಯಿತು. ಕಾಯುತ್ತೇನೆ ಅಂದ, ಕಾದು ಮದುವೆಯೂ ಆದ. ಆದರೆ ಹೊಟ್ಟೆ ಕಾಯಲಿಲ್ಲ.

"ಮೊದಲನೇ ಸಲ ಕಾಮಾಲೆ ಅಂತ ರಜೆ ಹಾಕಿದೆ. ಎರಡನೇ ಸಲ ಕಾಲು ಮುರೀತು ಅಂದೆ. ವಾಪಸ್ ಹೋಗಿ ಒಂದು ವಾರ ಕುಂಟಿದೆ ಕೂಡ," ಅಂದು ಸ್ವಲ್ಪ ನಕ್ಕಳು. "ಹೆರಿಗೆ ಮಾಡಿಸಿದ ನರ್ಸಮ್ಮನೇ ಎರಡಕ್ಕೂ ಮನೆ ನೋಡಿದಳು. ಎರಡೂ ಹೆಣ್ಣು. ಮೊದಲನೆಯದನ್ನ ಯಾರು ಒಯ್ದರೋ ನೋಡಲಿಲ್ಲ. ಎರಡನೆಯದಕ್ಕೆ ಒಬ್ಬಳು ಹೊಲಿಗೆಯವಳು ಬಂದಿದ್ದಳು."

"ಅದು ನಾನು," ಅಂದಳು ಗಾಜಕ್ಕ.

"ಹೌದಾ? ಒಳ್ಳೇ ಹೆಂಗಸು. ಮಗು ದೊಡ್ಡದಾಗಿ ಕೇಳಿದ್ರೆ ಏನು ಹೇಳಲಿ ಅಂದಳು. ಸತ್ತಳು ಅಂತ ಹೇಳು ಅಂದೆ. ಸತ್ತವರನ್ನ ಯಾರೂ ಹುಡುಕಿಕೊಂಡು ಬರಲ್ಲ ನೋಡು. ಆಣೆ ಮಾಡಿಸಿಕೊಂಡೇ ಮಗು ಕೊಟ್ಟೆ."

ಗಾಜಕ್ಕ ಕಾಫಿ ಲೋಟ ಕೆಳಗಿಟ್ಟಳು. "ನಾನು ಹುಟ್ಟಿ ನಿಮ್ಮನ್ನ ಕೊಂದೆ ಅಂದ್ಕೊಂಡಿದ್ದೆ," ಅಂದಳು. "ಇಷ್ಟು ವರ್ಷಾನೂ."

ಮುದುಕಿಗೆ ನಿಜವಾಗಿ ಆಶ್ಚರ್ಯವಾಯಿತು. "ಅಯ್ಯೋ, ಅದ್ಯಾಕೆ ಹಾಗೆ ಅಂದ್ಕೊಂಡೆ? ಹೆರಿಗೆ ಸಲೀಸಾಗೇ ಆಯ್ತಲ್ಲ. ತಿಂಗಳಿಗೇ ಡ್ಯೂಟಿಗೆ ಹೋದೆ."

ಆಮೇಲೆ ಹೇಳುವುದು ಕೇಳುವುದು ಏನೂ ಉಳಿದ ಹಾಗೆ ಕಾಣಲಿಲ್ಲ. ಮುದುಕಿಯ ಕನ್ನಡಕ ಒಂದು ಕಡೆ ವಾಲಿ ಮೂಗಿನಿಂದ ಜಾರುತ್ತಿತ್ತು. ಅವಳು ಅದನ್ನು ಮತ್ತೆ ಮತ್ತೆ ಮೇಲಕ್ಕೆ ದೂಡುವುದನ್ನು ನೋಡಲಾರದೆ ಗಾಜಕ್ಕ ಎದ್ದಳು. ಸಣ್ಣ ತಿರುಪುಳಿ ಅವಳ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಕನ್ನಡಕ ತೆಗೆದುಕೊಂಡು ಸ್ಕ್ರೂ ಬಿಗಿಮಾಡಿದಳು, ಕಿವಿಯ ಕಡ್ಡಿಯನ್ನು ಕಾಫಿ ಲೋಟಕ್ಕೆ ಒತ್ತಿ ಬೆಚ್ಚಗೆ ಮಾಡಿ ಬಗ್ಗಿಸಿದಳು, ಸೆರಗಿನಿಂದ ಒರೆಸಿ ಹಾಕಲು ಬಗ್ಗಿದಳು. ಹೆತ್ತ ತಾಯಿಯ ಮುಖವನ್ನು ಅವಳು ಮುಟ್ಟಿದ್ದು ಅದೊಂದು ಸಲ, ಕಿವಿಯ ಹಿಂದೆ, ಎರಡು ಬೆರಳಿನಿಂದ. ಅಂಗಡಿಯಲ್ಲಿ ಗಿರಾಕಿಗೆ ಕೇಳುವಂತೆ, "ಬಿಗಿ ಆಯ್ತಾ?" ಅಂತ ಕೇಳಿದಳು.

"ಇಲ್ಲ, ಸರಿಯಾಯ್ತು. ಈಗ ಚೆನ್ನಾಗಿ ಕಾಣ್ತಿದೆ," ಅಂದ ಮುದುಕಿ ಟೀವಿಯ ಕಡೆ ತಿರುಗಿದಳು.

ಗೇಟಿನ ಹತ್ತಿರ ಟೀಚರು ಅತ್ತಳು. "ಲೆಕ್ಕ ಹಾಕಿ ನೋಡಿದೆ. ಒಂದೆರಡು ವರ್ಷ ಹಿಂದೆಮುಂದೆ ಆಗಿದ್ರೆ ನೀವು ಈ ಮನೇಲಿ, ನಾನು ಆ ಮನೇಲಿ," ಅಂದಳು. ಗಾಜಕ್ಕ ಅವಳ ಬೆನ್ನು ಸವರಿದಳು. ಅಳಬೇಕಾದವಳು ಯಾರು, ಸಮಾಧಾನ ಮಾಡುತ್ತಿರುವವಳು ಯಾರು ಎಂಬ ಯೋಚನೆ ಅವಳಿಗೆ ಬಂದದ್ದು ರೈಲು ಹತ್ತಿದ ಮೇಲೆ.

ಟೀಚರ ಆ ಕಣ್ಣೀರು ಸುಳ್ಳಲ್ಲ. ಆದರೆ ಆರಿದ್ದು ಬೇಗ. ಮೊದಲು ವಾರಕ್ಕೊಮ್ಮೆ ಫೋನ್ ಮಾಡಿದಳು. ಆಮೇಲೆ ಅಮ್ಮನ ಬೀಪಿ ಏರಿತು. ಆಮೇಲೆ, "ಸದ್ಯಕ್ಕೆ ಬರೋದು ಬೇಡ ಅಕ್ಕ, ನಮ್ಮವರಿಗೆಲ್ಲ ಇನ್ನೂ ಹೇಳಿಲ್ಲ." ಆಮೇಲೆ ಫೋನು ಗಾಜಕ್ಕನ ಕಡೆಯಿಂದಲೇ ಹೋಗಬೇಕಾಯಿತು. ಒಂದು ದಿನ ಮಗಳು ಫೋನಿನಲ್ಲಿ ಪರೀಕ್ಷೆಯವರ ಸಂಬಂಧಿಗಳ ಪಟ್ಟಿ ತೆರೆದು ನೋಡಿದರೆ ಮೊದಲ ಸಾಲು ಖಾಲಿ. ಟೀಚರು ತನ್ನ ಹೆಸರನ್ನು ಅಲ್ಲಿಂದ ಅಳಿಸಿದ್ದಳು. ಗಂಡ ಅಂದ: "ನಿನ್ನ ಮೇಲಿನ ದ್ವೇಷ ಅಲ್ಲ ಕಣೇ. ಇನ್ನೊಬ್ಬಳು ಬಂದಾಳು ಅನ್ನೋ ಭಯ."

ಆ ಇನ್ನೊಬ್ಬಳು ಗಾಜಕ್ಕನ ತಲೆಯಿಂದ ಹೋಗಲಿಲ್ಲ. ತನಗಿಂತ ಎರಡು ವರ್ಷ ದೊಡ್ಡವಳು, ಯಾವ ಊರಲ್ಲೋ, ಯಾರ ಮಗಳಾಗಿಯೋ. ಅವಳಿಗೂ ಅದೇ ಸುಳ್ಳು ಹೇಳಿದ್ದರೆ? ಅವಳೂ ಹುಟ್ಟಿದ ದಿನ ಮುಸುಕೆಳೆದು ಮಲಗುತ್ತಿದ್ದರೆ? ಗಾಜಕ್ಕ ಹೇಳಿದಂತೆ ಮಗಳು ಪರೀಕ್ಷೆಯವರ ಪುಟದಲ್ಲಿ, ಸಂಬಂಧಿಗಳಿಗೆಲ್ಲ ಕಾಣುವ ಹಾಗೆ ಬರೆದಳು: "ಅಕ್ಕಾ, ನೀನು ಯಾರೇ ಆಗಿರು. ನಮ್ಮನ್ನು ಹೆತ್ತು ಯಾರೂ ಸಾಯಲಿಲ್ಲ. ನಮ್ಮಿಂದ ಯಾರಿಗೂ ಏನೂ ಆಗಲಿಲ್ಲ." ಓದಿಸಿ ಕೇಳಿದಾಗ ಕೊನೆಯ ಸಾಲು ಗಾಜಕ್ಕನಿಗೆ ಚುಚ್ಚಿತು. ನಿಜವೇ, ಯಾರಿಗೂ ಏನೂ ಆಗಿರಲಿಲ್ಲ. ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಆದರೂ ಅಳಿಸಬೇಡ ಅಂದಳು. ಉತ್ತರ ಬರಲಿಲ್ಲ. ಐದನೇ ತಲೆಮಾರಿನ ಸಂಬಂಧಿಯೊಬ್ಬ, ಎಲ್ಲಿಯವನೋ, ನಿಮ್ಮ ವಂಶವೃಕ್ಷ ಕಳಿಸಿಕೊಡಿ ಎಂದು ಮೂರು ಸಲ ಕೇಳಿದ.

ಆ ಭಾನುವಾರ ಕಳೆದು ಒಂದು ವರ್ಷ ಎರಡು ತಿಂಗಳಾಗಿತ್ತು. ಒಂದು ಬುಧವಾರ ಮಧ್ಯಾಹ್ನ ಅಂಗಡಿಯಲ್ಲಿ ಫೋನ್ ಬಂತು. ಟೀಚರು.

"ಅಮ್ಮ ಹೋದರು ಅಕ್ಕ. ಶನಿವಾರ. ಎಲ್ಲಾ ಮುಗೀತು."

"ಶನಿವಾರಾನಾ? ನಂಗ್ಯಾಕೆ ಹೇಳಲಿಲ್ಲ?"

"ಬಂದಿದ್ರೆ ನೀವು ಯಾರು ಅಂತ ಎಲ್ರಿಗೂ ಹೇಳಬೇಕಿತ್ತು," ಅಂದಳು ಟೀಚರು. "ಬೇಜಾರು ಮಾಡ್ಕೋಬೇಡಿ."

"ಇಲ್ಲ," ಅಂದಳು ಗಾಜಕ್ಕ.

ಫೋನ್ ಇಟ್ಟು ನೀರಿನ ತಟ್ಟೆಯನ್ನೇ ನೋಡುತ್ತ ನಿಂತಳು. ಬದುಕಿದ್ದವಳಿಗಾಗಿ ನಲವತ್ತನಾಲ್ಕು ವರ್ಷ ಒಳಗೊಳಗೇ ಅತ್ತವಳು. ಈಗ ನಿಜವಾಗಿ ಸತ್ತಾಗ ಕಣ್ಣೊಳಗೆ ಗಾಜಿನ ಪುಡಿಯಲ್ಲದೆ ಏನೂ ಇರಲಿಲ್ಲ. ಮನೆಗೆ ಹೋಗೋಣ ಅನ್ನಿಸಿತು. ಮುಂದಿನ ಕೋಣೆಗೆ ಹೋಗಿ ಮಾಲೀಕರ ಹತ್ತಿರ ನಿಂತಳು.

"ಸರ್, ಇವತ್ತು ಸ್ವಲ್ಪ ಬೇಗ ಹೋಗಲಾ? ಒಂದು ಸಾವಾಗಿದೆ."

"ಅಯ್ಯೋ. ಯಾರಮ್ಮ? ಹತ್ತಿರದವರಾ?"

ಅವಳು ಬಾಯಿ ತೆರೆದಳು. ಯಾವ ಪದ ಹಾಕಿದರೂ ಕೂರಲಿಲ್ಲ.

"ಗೊತ್ತಿದ್ದವರು," ಅಂದಳು.

"ಹಾಗಾದ್ರೆ ಐದಕ್ಕೆ ಹೋಗಮ್ಮ. ಈ ಎರಡು ಜೊತೆ ಇವತ್ತೇ ಕೊಡಬೇಕು," ಅಂದು ಮಾಲೀಕರು ಚೀಟಿ ಸುತ್ತಿದ ಗಾಜುಗಳನ್ನು ಕೊಟ್ಟರು. ಗಾಜಕ್ಕ ಹಿಂದಿನ ಕೋಣೆಗೆ ಹೋಗಿ, ಸ್ಟೂಲು ಎಳೆದುಕೊಂಡು, ಚಕ್ರ ಹಾಕಿದಳು.